ಎದುರುಗೋಡೆಗೆ ಬಾಗಿಲಿಲ್ಲದ ಗುಡಿ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಬಾಗಿಲಿನಿಂದ ಅಂದುಕೊಂಡಿದ್ದೆ. ಆದರೆ ಇಲ್ಲಿ ಬಾಗಿಲೇ ತಕರಾರು. ಮೊದಲ ಡ್ರಾಫ್ಟ್ ಹರಿದು ಹಾಕಿದ್ದೇನೆ.

೨
ಹುಣಸೂರಿನ ಬಡಗಿ ಗೌಸ್ ಸಾಹೇಬರಿಗೆ ಬೆಟ್ಟದಪುರದ ನಿವೃತ್ತ ಮೇಷ್ಟ್ರು ನೀಲಕಂಠಸ್ವಾಮಿ ಒಂದು ಕೆಲಸ ಒಪ್ಪಿಸುತ್ತಾರೆ: ಊರಿನ ಲೈಬ್ರರಿಗೆ ಚೀನಾದ ಕನ್‌ಫ್ಯೂಷಿಯಸ್ ಗುಡಿಯ ಮರದ ಮಾದರಿ. (ಅದೇ ಯಾಕೆ ಎಂದು ಕೇಳಬೇಡಿ. ನಂಬುವಂಥ ಕಾರಣ ಹುಡುಕಿ ಮೂರು ದಿನ ಹಾಳಾಯಿತು. ಮೇಷ್ಟ್ರಿಗೆ ಆಸೆ, ಅಷ್ಟೆ.)

ನಕ್ಷೆ ಸರಳ. ದಕ್ಷಿಣದಿಂದ ಉತ್ತರಕ್ಕೆ ಎಲ್ಲವೂ ಒಂದೇ ಗೆರೆಯಲ್ಲಿ. ಎದುರುಗೋಡೆ, ಅರ್ಧಚಂದ್ರದ ಕೊಳ, ಮೇಲೊಂದು ಸೇತುವೆ, ಒಳಬಾಗಿಲು, ಅಂಗಳ. ಅಂಗಳದ ಎಡಬಲಕ್ಕೆ ಶಿಷ್ಯರ ಹೆಸರಿನ ಹಲಗೆಗಳಿರುವ ಉದ್ದನೆಯ ಪಡಸಾಲೆಗಳು, ತುದಿಗೆ ಗುರುವಿನ ಮಹಾಮಂಟಪ, ಅದರ ಹಿಂದೆ ಗುರುವಿನ ಹಿರಿಯರಿಗೊಂದು ಚಿಕ್ಕ ಗುಡಿ. ಅಲ್ಲಿನ ಬೇರೆ ಗುಡಿಗಳ ಕಂಬಗಳ ಮೇಲೆ ಪದ್ಯ ಬರೆದಿರುತ್ತಾರೆ; ಈ ಗುರುವಿನ ಗುಡಿಯಲ್ಲಿ ಕೆಲವು ಕಡೆ ಒಂದಕ್ಷರವೂ ಇರುವುದಿಲ್ಲ. ಗುರುವಿನ ಮುಂದೆ ಬರೆಯುವ ಧೈರ್ಯ ಯಾರಿಗೂ ಇಲ್ಲವಂತೆ. (ನನಗಿದೆ.)

೩
ಗೌಸ್ ಮೊದಲು ಮಾಡಿದ್ದು ಎದುರುಗೋಡೆಯ ಬಾಗಿಲನ್ನು. ನಮ್ಮ ಕಡೆ ಬಾಗಿಲು ನಿಲ್ಲಿಸಿದ ಮೇಲೇ ಗೋಡೆ ಏಳುವುದು. ಮಾಡಿದ್ದು ಎಂದರೆ ಮಾಡಿಸಿದ್ದು. ಎರಡು ವರ್ಷದ ಹಿಂದೆ ಗರಗಸಕ್ಕೆ ಅವರ ಬಲಗೈಯ ಎರಡು ಬೆರಳು ಹೋದವು. ಅಂದಿನಿಂದ ಉಳಿ ಹಿಡಿದವಳು ಮಗಳು ಮೆಹನಾಜ್, ಪಿಯುಸಿ ಅರ್ಧಕ್ಕೆ ಬಿಟ್ಟವಳು. ಈ ಸಲ ಪರೀಕ್ಷೆಗೆ ಫಾರಂ ತುಂಬಿದ್ದಾಳೆ. ತಾನು ಓದಲು ಕೂತರೆ ಅಂಗಡಿ ಮುಚ್ಚಬೇಕಾದೀತು ಎಂಬ ಭಯಕ್ಕೆ ಅದನ್ನು ಅಪ್ಪನಿಗೆ ಹೇಳಿಲ್ಲ.

ಮೇಷ್ಟ್ರು ಬಂದು ನೋಡಿದರು. "ಈ ಬಾಗ್ಲು ತೆಗೀರಿ ಸಾಹೇಬ್ರೆ. ಅಲ್ಲಿ ಕೆಲವೂರಲ್ಲಿ ರಾಜ್ರ ಕಾಲದ್ದೊಂದು ಪದ್ಧತಿ ಐತೆ. ಆ ಊರೋನು ದೊಡ್ಡ ಪರೀಕ್ಷೇಲಿ ದೇಶಕ್ಕೇ ಫಸ್ಟ್ ಬರೋಗಂಟ ಎದುರುಗೋಡೆಗೆ ಬಾಗ್ಲಿಡಂಗಿಲ್ಲ. ಎಲ್ಲಾ ಪಕ್ಕದಿಂದ್ಲೇ ಓಗ್ಬೇಕು."

"ಬರೀ ಪಾಸಾದೋರು?" ಎಂದು ಮೆಹನಾಜ್ ಕೇಳಿದಳು.

"ಅವ್ರೂ ಪಕ್ಕದಿಂದ್ಲೇ ಕಣವ್ವ."

೪
ಅಂತ್ಯ, ಒಂದು: ಮೆಹನಾಜ್ ರಾಜ್ಯಕ್ಕೇ ಫಸ್ಟ್. ಗೋಡೆ ಒಡೆಯುತ್ತದೆ. ಚಪ್ಪಾಳೆ.

"ನೀವು ಬರ್ದ್ಬುಟ್ರೆ ಆಯ್ತಾ ಸಾರ್?" ಎಂದಳು ಅವಳು. "ಎರಡು ವರ್ಸ ಪುಸ್ತಕ ಮುಟ್ಟಿಲ್ಲ. ನಂಗೆ ಪಾಸಾದ್ರೆ ಸಾಕು."

ಅಂತ್ಯ, ಎರಡು: ಅಪ್ಪ ಪರೀಕ್ಷೆಗೆ ಕಳಿಸುವುದಿಲ್ಲ. ಕಣ್ಣೀರು.

ಇದಕ್ಕೆ ಗೌಸ್ ಉಳಿ ಕೆಳಗಿಟ್ಟರು. "ನನ್ನ ಯಾಕ್ರೀ ಕೆಟ್ಟೋನ್ ಮಾಡ್ತೀರಿ? ಅವ್ಳು ಕೇಳ್ಲೇ ಇಲ್ಲ. ಫಾರಂ ತುಂಬಿರೋದು ನಂಗೆ ಗೊತ್ತಾಗಿದ್ದೇ ನೀವು ಈ ಕಥೆ ಮೂರ್ನೇ ನಂಬರಲ್ಲಿ ಬರ್ದಿದ್ರಿಂದ."

ನನಗೆ ನಾಚಿಕೆಯಾಯಿತು. ಓದುಗರಿಗೆಂದು ಬರೆದದ್ದನ್ನು ಪಾತ್ರಗಳೂ ಓದುತ್ತವೆ ಎಂಬುದು ತಲೆಗೆ ಹೊಳೆದಿರಲಿಲ್ಲ. ಆಮೇಲೆ ಗಮನಿಸಿದೆ: ಅವರು ಕೆಳಗಿಟ್ಟ ಉಳಿ ಎಡಗೈಯಲ್ಲಿತ್ತು. ಕಾಲ ಬಳಿ ಕೆಟ್ಟ ಚೂರುಗಳ ರಾಶಿ ಇತ್ತು. ಇದನ್ನು ನಾನು ಬರೆದಿರಲಿಲ್ಲ.

೫
ಮೇಷ್ಟ್ರು ಮಾದರಿ ಒಯ್ಯಲು ಬಂದರು. ಎದುರುಗೋಡೆ ನುಣ್ಣಗೆ, ಬಾಗಿಲಿಲ್ಲದೆ ನಿಂತಿತ್ತು. ಒಳಮೈಯಲ್ಲಿ ಮಾತ್ರ ಪೆನ್ಸಿಲ್ಲಿನ ಸೊಟ್ಟ ಗೆರೆಗಳು, ಬಾಗಿಲಿನ ಅಳತೆಗೆ.

"ಇದ್ಯಾರ್ ಗುರ್ತು?"

"ನಂದೇ. ಮಗ್ಳು ಪಾಸಾದ್ರೆ ಬಂದು ಕುಯ್ತೀನಿ. ಅಷ್ಟೊತ್ಗೆ ಎಡಗೈ ಪಳಗಿರ್ತದೆ."

"ಪದ್ಧತಿ ಇರೋದು ಫಸ್ಟ್ ಬಂದೋರ್ಗೆ, ಸಾಹೇಬ್ರೆ."

"ಅದು ಅವ್ರೂರ್ ಪದ್ಧತಿ ಕಣ್ರೀ."

ಮೇಷ್ಟ್ರು ಗೆರೆಗಳನ್ನು ಅಳಿಸಲಿಲ್ಲ. ಗೋಡೆಯನ್ನು ಹಳೇ ಪಂಚೆಯಲ್ಲಿ ಸುತ್ತಿ ಆಟೋದಲ್ಲಿ ಇಟ್ಟರು.

೬
ಮೆಹನಾಜಳ ರಿಜಿಸ್ಟರ್ ನಂಬರು ನನ್ನ ಹತ್ತಿರ ಇದೆ. ರಿಸಲ್ಟ್ ಬಂದು ವಾರವಾಯಿತು, ನಾನು ನೋಡಿಲ್ಲ. ಅವಳ ಗುಟ್ಟನ್ನು ಒಂದು ಸಲ ಬಾಯಿಬಿಟ್ಟದ್ದು ಸಾಕು. ನೀವು ಬೆಟ್ಟದಪುರದ ಕಡೆ ಹೋದರೆ ಲೈಬ್ರರಿಗೆ ಹೋಗಿ ಎದುರುಗೋಡೆ ನೋಡಿ. ಇನ್ನೂ ಮುಚ್ಚಿಯೇ ಇದ್ದರೆ ನನಗೆ ಹೇಳಬೇಡಿ.