ಪೆನ್ಸಿಲ್ಲಿನಲ್ಲಿ ಬರೆದ ಹೆಸರು

"ಪೆನ್ ಮುಟ್ಟಬ್ಯಾಡ ಬೇ! ಇವತ್ತ ಪೆನ್ನಿನ್ಯಾಗ ಹೆಸರ ಬೇಕಂತಿ, ನಾಳೆ ನನ್ನ ಕುರ್ಚಿನೂ ಬೇಕಂತಿ."

ಹಿಂದಿನ ವಾರ ಹೀಗಂದು ನನ್ನ ಕೈಗೆ ಹೊಡೆದವಳು ಇನ್‌ಚಾರ್ಜ್ ಸಿಸ್ಟರ್ ರಾಜೇಶ್ವರಿ. ಎದುರಿಗೆ ಮೇಡಂ ಅನ್ನುತ್ತೇನೆ, ಇಲ್ಲಿ ಅನ್ನುವುದಿಲ್ಲ. ನಮ್ಮ ಆಸ್ಪತ್ರೆಯ ಡ್ಯೂಟಿ ಚಾರ್ಟಿನಲ್ಲಿ ಕಾಯಂ ಸಿಸ್ಟರುಗಳ ಹೆಸರು ನೀಲಿ ಪೆನ್ನಿನಲ್ಲಿ, ಗುತ್ತಿಗೆಯವರದು ಪೆನ್ಸಿಲ್ಲಿನಲ್ಲಿ. ಕಾಯಂನವರ ಮನೆಯಲ್ಲಿ ಸೀಮಂತವೋ ಮುಂಜಿಯೋ ಬಂದರೆ ರಬ್ಬರ್ ಆಡಿಸಿ ನಮ್ಮನ್ನು ಅವರ ಪಾಳಿಗೆ ತಳ್ಳುತ್ತಾರೆ. ನನ್ನ ಹೆಸರು 'ಶಮಾ' ಇರುವಲ್ಲೆಲ್ಲ ಕಾಗದ ತೂತು ಬೀಳುವಷ್ಟು ಸವೆದಿರುತ್ತದೆ.

ಸೋಮವಾರ ಬೆಳಗಿನ ಪಾಳಿ ಮುಗಿಸಿ ಎರಡು ಗಂಟೆಗೆ ಮುಂದಿನ ಪಾಳಿಯವರಿಗೆ ವಾರ್ಡಿನ ಚಾರ್ಜ್ ಕೊಡಲು ನಿಂತೆ. ತೆಗೆದುಕೊಳ್ಳುವವರೇ ಇಲ್ಲ. ಮಧ್ಯಾಹ್ನದ ಪಾಳಿ ರಾಜೇಶ್ವರಿಯದು. ಫೋನ್ ಮಾಡಿದೆ.

"ಹುಬ್ಬಳ್ಳ್ಯಾಗ ತಂಗಿ ಮನಿ ಓಪನಿಂಗ್ ಐತಿ. ಒಂದೆರಡ ತಾಸ ನೋಡ್ಕೋ. ಸತ್ತೇನ್ ಹೋಗಂಗಿಲ್ಲಲ್ಲ?"

ಚಾರ್ಜ್ ಕೊಡದೆ ವಾರ್ಡು ಬಿಟ್ಟರೆ ನರ್ಸೇ ತಪ್ಪಿತಸ್ಥೆ. ಉಳಿದೆ. ಇಪ್ಪತ್ತಾರು ಹಾಸಿಗೆ, ಜೊತೆಗೆ ಹೆರಿಗೆ ಕೋಣೆ, ನಾನೊಬ್ಬಳು.

ನಾಲ್ಕೂವರೆಗೆ ಸಂಶಿ ಊರಿನ ಹುಲಿಗೇಶನ ಹೆಂಡತಿ ಗಂಡು ಹೆತ್ತಳು. ಕೂಸು ಉಸಿರಿಗೆ ಒದ್ದಾಡುತ್ತಿತ್ತು, ಪಕ್ಕದಲ್ಲೇ ನಿಂತಿರಬೇಕಿತ್ತು. ಅಷ್ಟರಲ್ಲಿ ಕ್ರಿಮಿನಾಶಕ ಕುಡಿದ ಹೆಂಗಸನ್ನು ತಂದರು. ಡಾಕ್ಟರು ಕೂಗಿದರು, ಓಡಿದೆ. ಆರು ನಿಮಿಷ. ತಿರುಗಿ ಬಂದಾಗ ಕೂಸಿನ ಉಸಿರು ನಿಂತಿತ್ತು. ಎದೆ ಎಷ್ಟು ಒತ್ತಿದರೂ ಮರಳಲಿಲ್ಲ. ಆ ಆರು ನಿಮಿಷವನ್ನು ಸಾಯುವತನಕ ಹೊರುತ್ತೇನೆ, ಇಲ್ಲವೆನ್ನುವುದಿಲ್ಲ. ಆದರೆ ನಾನೊಬ್ಬಳೇ ಏಕೆ ಹೊರಬೇಕು?

ಮರುದಿನ ತನಿಖೆಗೆ ಬರುವವರಿದ್ದರು. ಅದಕ್ಕೆ ಮೊದಲೇ ಆಡಳಿತಾಧಿಕಾರಿ ಶಂಕ್ರಪ್ಪ ನನ್ನನ್ನು ಕೋಣೆಗೆ ಕರೆಸಿದ. ರಾಜೇಶ್ವರಿಯೂ ಇದ್ದಳು. ಮೇಜಿನ ಮೇಲೆ ಚಾರ್ಟು. ಸೋಮವಾರ ಬೆಳಗಿನ ಸಾಲಿನಲ್ಲಿ ನನ್ನ ಹೆಸರನ್ನು ಉಜ್ಜಿ ತೆಗೆದಿದ್ದರು. ಮಧ್ಯಾಹ್ನದ ಸಾಲಿಗೆ ಅಕ್ಷರ ಮುಚ್ಚುವ ಬಿಳಿ ಬಣ್ಣ ಬಳಿದು ಅದರ ಮೇಲೆ ಬರೆದಿದ್ದರು: ಶಮಾ. ಪೆನ್ನಿನಲ್ಲಿ! ಮೂರು ವರ್ಷ ಕಾಡಿ ಬೇಡಿದರೂ ಸಿಗದ ಶಾಯಿ ಒಂದು ಕೂಸು ಸತ್ತ ಮೇಲೆ ಸಿಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಆಸ್ಪತ್ರೆಯ ಹಳೆಯ ವೈದ್ಯ.

"ಚಾ ಕುಡ್ಯಾಕ ಹೋಗಿದ್ನಿ ಅಂತ ನಿನ್ನ ಹೇಳಿಕಿ ಬರದೇವಿ, ಸಹಿ ಮಾಡ," ಎಂದ ಶಂಕ್ರಪ್ಪ. "ನಿನ್ನ ತಗದ್ರ ಮಂದಿ ಬಾಯಿ ಮುಚ್ಚತೈತಿ."

"ಲೈಸನ್ಸ ಹೋಗತೈತ್ರಿ ಸರ್. ಮುಂದ ನನಗ ಯಾರ್ ಕೆಲಸ ಕೊಡ್ತಾರ್ರಿ?"

"ನವಲಗುಂದಕ್ಕ ಹೋಗಿ ನಿಮ್ಮವ್ವನ ಬಾಜು ಕುಂತ ಜಮಖಾನಿ ನೇಯಿ," ರಾಜೇಶ್ವರಿ ನಕ್ಕಳು. "ನಿಮ್ಮ ಮಂದಿಗಿ ಅದ ಚಲೋ."

ಅವ್ವ ಆ ಜಮಖಾನೆ ನೇಯ್ದೇ ನನ್ನನ್ನು ನರ್ಸಿಂಗ್ ಓದಿಸಿದ್ದು. ಮೈಯೆಲ್ಲ ಉರಿಯಿತು. ಚಾರ್ಟು ಕಸಿದುಕೊಂಡು ಹೊರಗೆ ನಡೆದೆ.

ಕೂಸನ್ನು ಒಯ್ಯಲು ಒಪ್ಪದೆ ಹುಲಿಗೇಶ ಮೆಟ್ಟಿಲ ಮೇಲೆ ಕೂತಿದ್ದ, ಸುತ್ತ ಅವನ ಊರಿನ ಮಂದಿ. ನನ್ನನ್ನು ಕಂಡು ಹಲ್ಲು ಕಡಿದ. ಅವನ ಪಕ್ಕ ಕೂತು ಕಿಸೆಯಿಂದ ಬ್ಯಾಂಡೇಜ್ ಕತ್ತರಿ ತೆಗೆದೆ.

"ಬೈಯೂದಿದ್ರ ಆಮ್ಯಾಲೆ ಬೈರಿ ಅಣ್ಣಾ. ನಿನ್ನೆ ಮಧ್ಯಾಹ್ನ ಇಲ್ಲಿ ಯಾರ್ ಇರಬೇಕಿತ್ತು, ಮದಲ ನೋಡ್ರಿ."

ಕೆರೆದೆ. ಬಿಳಿ ಬಣ್ಣ ಹಕ್ಕಳೆಯಂತೆ ಎದ್ದು ನನ್ನ ಹೆಸರು ಅದರ ಜೊತೆಗೇ ಉದುರಿತು. ಕೆಳಗೆ ನೀಲಿ ಅಕ್ಷರ. ಹುಲಿಗೇಶ ಒಂದೊಂದೇ ಕೂಡಿಸಿ ಓದಿದ.

"ರಾ... ಜೇ... ಶ್ವರಿ. ಯಾರ್ರೀ ಈಕಿ?"

ಬಾಗಿಲ ಕಡೆ ಬೆರಳು ಮಾಡಿದೆ. ರಾಜೇಶ್ವರಿ ಏದುಸಿರು ಬಿಡುತ್ತ ಬಂದು ನಿಂತಿದ್ದಳು.

"ಏ ರಂಡಿ, ಕೊಡ ಅದನ್ನ! ಇವತ್ತಿಗೆ ನಿನ್ನ ಕೆಲಸ ಹೋತ, ತಿಳಕೋ!"

ಮಂದಿ ಎದ್ದು ನಿಂತರು. ಅದೇ ಹೊತ್ತಿಗೆ ವಾರ್ಡಿನೊಳಗಿಂದ ಯಾರೋ ನರಳಿದರು. "ಸಿಸ್ಟರ್... ಸಿಸ್ಟರ್..."

ಅಭ್ಯಾಸಬಲದಿಂದ ನಾನು ಅರ್ಧ ಎದ್ದೆ. ಮತ್ತೆ ಕೂತೆ.

"ನೀವ ಹೋಗ್ರಿ ಮೇಡಂ," ಎಂದೆ. "ಪೆನ್ನಿನ್ಯಾಗ ಇರೂದು ನಿಮ್ಮ ಹೆಸರ."