ರಜಾಯಿಯೊಳಗಿನ ವ್ಯಾಯಾಮ

ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗ್ಗೆ ಹಾಲು ಕಾಯಿಸುವ ಹೊತ್ತು. ಹಾಸಿಗೆ ಹೊಲಿಯುವವನ ಹೆಂಡತಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ಸದ್ದು ಕೇಳಿಸಿತು. ವೈರಸ್ ಜ್ವರ ಬಿಟ್ಟು ತಿಂಗಳಾದರೂ ಗಂಡನಿಗೆ ಒಂದು ದಿಂಬು ಹೊಲಿಯುವಷ್ಟು ಉಸಿರಿರಲಿಲ್ಲ. ಇಷ್ಟು ಜೋರಾಗಿ ತುಳಿಯುತ್ತಿರುವವರು ಯಾರು?

ಹೋಗಿ ನೋಡಿದರೆ ಯಂತ್ರದ ಮುಂದೆ ಹತ್ತಿ ತುಂಬಿದ ಒಂದು ರಜಾಯಿ ಕೂತಿತ್ತು. ಕೆಳಗೆ ಎರಡು ಕಾಲು.

ರಜಾಯಿ ಎಳೆದಳು. ಒಳಗೆ ಗಂಡ, ಬೆವರಲ್ಲಿ ತೊಯ್ದು, ಮುಖ ಬಿಳಿಚಿಕೊಂಡು ಏದುಸಿರು ಬಿಡುತ್ತಿದ್ದ.

"ಇದೇನಿದು ಅವತಾರ?"

"ನಿನ್ನ ತಮ್ಮನೇ ಹೇಳಿದ್ದು. ಎಲ್ಲೋ ದೊಡ್ಡಾಸ್ಪತ್ರೇಲಿ ಇಂಥ ಜ್ವರ ಬಂದು ಹೋದೋರಿಗೆ ಕಮ್ಮಿ ಗಾಳೀಲಿ ಸೈಕಲ್ ತುಳಿಸ್ತಾರಂತೆ. ಮೈ ಗಟ್ಟಿಯಾಗುತ್ತಂತೆ."

"ಉಸಿರು ಸಾಲದೋರಿಗೆ ಇನ್ನೂ ಕಮ್ಮಿ ಗಾಳಿನಾ? ಹಸಿದೋರ ಮುಂದಿಂದ ತಟ್ಟೆ ಎತ್ತಿದ ಹಾಗಾಯ್ತಲ್ಲ."

ಅಂದಳೇ ಹೊರತು ಅವಳಿಗೂ ಧೈರ್ಯವಿರಲಿಲ್ಲ. ತಮ್ಮ ಹೇಳಿದ್ದು ನಿಜವಾಗಿದ್ದರೆ ಔಷಧಿಯನ್ನೇ ಕಿತ್ತುಕೊಂಡಂತಾಯಿತು. ಸುಳ್ಳಾಗಿದ್ದರೆ ಗಂಡನ ಗತಿ? ಕಿಟಕಿ ತೆರೆದಳು, ಅರ್ಧ ಮುಚ್ಚಿದಳು, ಕೊನೆಗೆ ಪಕ್ಕದ ಮನೆಯವಳನ್ನು ಕೂಗಿದಳು. ರೋಗಿಗಳಿಗೆ ವ್ಯಾಯಾಮ ಮಾಡಿಸುವುದೇ ಅವಳ ಕೆಲಸ.

ಅವಳು ಬಂದು, ನಡೆದದ್ದನ್ನೆಲ್ಲ ಕೇಳಿಕೊಂಡು, ಅವನ ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಹಾಕಿದಳು. "ತಮ್ಮ ಹೇಳಿದ್ದು ಸುಳ್ಳಲ್ಲ ಅಕ್ಕ."

"ಹಾಗಾದ್ರೆ ಮತ್ತೆ ಹೊದಿಸ್ಲಾ?"

"ಅಯ್ಯೋ ಬೇಡ. ಅಲ್ಲಿ ಮೊದಲು ಹೃದಯ, ಶ್ವಾಸಕೋಶ ಪರೀಕ್ಷೆ ಮಾಡ್ತಾರೆ. ಆಮ್ಲಜನಕಾನ ಯಂತ್ರ ಅಳೆದು ಕಮ್ಮಿ ಮಾಡುತ್ತೆ, ನೋಡ್ಕೊಳ್ಳೋರು ಪಕ್ಕದಲ್ಲೇ ಇರ್ತಾರೆ. ಎಷ್ಟು ಉಪಯೋಗ, ಯಾರಿಗೆ ಸರಿ ಅಂತ ಇನ್ನೂ ನೋಡ್ತಾನೇ ಇದ್ದಾರೆ. ಭಾವ ಇಲ್ಲಿ ತಾವು ಬಿಟ್ಟ ಉಸಿರನ್ನೇ ತಿರುಗಿ ಎಳ್ಕೋತಿದ್ರು. ಇದು ವ್ಯಾಯಾಮ ಅಲ್ಲ, ಉಸಿರುಗಟ್ಟಿಸ್ಕೊಳ್ಳೋದು."

"ಕಮ್ಮಿ ಗಾಳಿ ಒಳ್ಳೇದೂ ಅಂತೀಯ, ಕೆಟ್ಟದ್ದೂ ಅಂತೀಯ. ನನಗೆ ತಲೆಬುಡ ಅರ್ಥ ಆಗ್ಲಿಲ್ಲ," ಎಂದ ಗಂಡ.

"ಅರ್ಥ ಆಗದಿದ್ರೆ ಕೇಳಿ ಭಾವ, ಮುಸುಕು ಹಾಕ್ಕೋಬೇಡಿ. ಈಗಲೇ ಡಾಕ್ಟರಿಗೆ ತೋರಿಸೋಣ. ಅವರು ಹೂಂ ಅಂದ್ಮೇಲೆ ನಿಧಾನಕ್ಕೆ ನಡೀರಿ. ನಡೀತಾ ಅಕ್ಕನ ಜೊತೆ ಮಾತಾಡೋಕಾಗ್ಬೇಕು, ಅಷ್ಟೇ ವೇಗ."

"ಜಗಳ ಆಡೋಕಾದ್ರೆ?" ಎಂದ ಗಂಡ.

"ವಾಸಿಯಾಗಿದೆ ಅಂತ ಲೆಕ್ಕ," ಎಂದಳು ಹೆಂಡತಿ, ಕಿಟಕಿ ಪೂರ್ತಿ ತೆರೆಯುತ್ತ.

ಜ್ವರದಿಂದ ಎದ್ದವರೇ, ಕೇಳಿದ ಸುದ್ದಿಯನ್ನು ಮೈಮೇಲೆ ಪ್ರಯೋಗ ಮಾಡಬೇಡಿ. ಮುಖ ಮುಚ್ಚಿಕೊಂಡು, ಬಾಗಿಲು ಹಾಕಿಕೊಂಡು ವ್ಯಾಯಾಮ ಬೇಡ. ಮಾರನೆಯ ದಿನ ಸುಸ್ತು ಹೆಚ್ಚಿದರೆ ನಡಿಗೆ ಕಡಿಮೆ ಮಾಡಿ. ಎದೆ ನೋವು, ತಲೆ ಸುತ್ತು, ತುಟಿ ನೀಲಿಯಾಗುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಜ್ವರಕ್ಕೆ ಮೊದಲೇ ಹೊಲಿದಿಟ್ಟಿದ್ದ ಆ ರಜಾಯಿ ಸೋಮವಾರ ಅದನ್ನು ಹೊಲಿಸಿದವರ ಮನೆಗೆ ಹೋಯಿತು. ಡಾಕ್ಟರು ಹೂಂ ಅಂದ ಮೇಲೆ, ಗುರುವಾರ, ಹಾಸಿಗೆ ಹೊಲಿಯುವವನು ಹೆಂಡತಿಯ ಜೊತೆ ಮಾತಾಡುತ್ತಾ ಬೀದಿಯ ತಿರುವಿನವರೆಗೆ ಹೊರಟ.