ಮಡಿಕೆಯಲ್ಲಿ ತುಂಡಾದ ಕೈ

ಅಲ್ಲಾ, ಈ ಕೈ ಯಾರದ್ದಿರಬಹುದು — ಎದುರಿನ ಡಿಸೈನರು ಖಾಲಿ ಕಾಫಿ ಲೋಟ ಸರಿಸುತ್ತ ಯಾರನ್ನೂ ಅಲ್ಲದ ಹಾಗೆ ಕೇಳಿ, ಉತ್ತರಕ್ಕೂ ಕಾಯದೆ ಫೋನು ಹಿಡಿದು ಕಿಟಕಿಯತ್ತ ಹೋದ, ಮೇಜಿನ ಮೇಲೆ ದೊಡ್ಡಮ್ಮ ಹೇಳಿದ ಪದ್ಯಗಳ ರೆಕಾರ್ಡಿನ ಕವರು, ಪುಸ್ತಕದಂತೆ ನಡುವೆ ಮಡಿಸುವಂಥದ್ದು, ತೆರೆದ ಹಾಗೇ ಇದೆ, ದಪ್ಪ ರಟ್ಟು, ಹೊಳಪಿಲ್ಲದ ಕಪ್ಪು, ಕಪ್ಪಿನೊಳಗಿಂದ ದೊಡ್ಡಮ್ಮನ ಅರ್ಧ ಮುಖ, ಮುಚ್ಚಿದ ಕಣ್ಣು, ಹೆಗಲ ಮೇಲೊಂದು ಕೈ, ಕೈ ಮಾತ್ರ, ಮಣಿಕಟ್ಟು ಸರಿಯಾಗಿ ಮಡಿಕೆಯ ಗೆರೆಯಲ್ಲಿ ತುಂಡು, ಕಿರುಬೆರಳು ಸೊಟ್ಟ, ಮತ್ತೆ ನಾನು, ಕವರುಗಳ ಚಿತ್ರಕ್ಕೆ ಅರ್ಥ ಓದಿ ಹೇಳುವುದೇ ಕಸುಬಾದ ನಾನು, ಈಗಷ್ಟೇ ರೆಕಾರ್ಡು ಕಂಪನಿಯವರ ಮುಂದೆ ಏನೆಲ್ಲ ಆಡಿಬಿಟ್ಟೆ, ನಾಲಿಗೆಗೆ ಎಲುಬಿಲ್ಲ, ಈ ಕೈಗೆ ಒಡೆಯರಿಲ್ಲ ಎಂದೆ, ನೋಡಿ, ಇದು ಮಡಿಕೆಯೊಳಗಿಂದ ಹುಟ್ಟುತ್ತದೆ, ರೆಕಾರ್ಡು ಎಲ್ಲಿಂದ ಹೊರಬರುತ್ತದೋ ಅಲ್ಲಿಂದಲೇ, ಮನುಷ್ಯರ ಕೈಯಲ್ಲ, ಪದ್ಯವೇ ಹೆಗಲ ಮೇಲಿಟ್ಟ ಕೈ, ಎಂದೆ, ತಲೆಗಳು ತೂಗಿದವು, ಮಾಲೀಕರು ಕಣ್ಣೊರೆಸಿಕೊಂಡರು, ಈ ಮಾತನ್ನೇ ಕವರಿನ ಹಿಂಬದಿಗೆ ಹಾಕಿಬಿಡೋಣ, ನೀವು ಸರಿ ಅಂದ್ರೆ ಊಟ ಆದ್ಮೇಲೆ ಪ್ರೆಸ್ಸಿಗೆ, ಎಂದರು — ಒಡೆಯರಿಲ್ಲವಂತೆ, ಒಡತಿ ಗಾಜಿನ ಬಾಗಿಲಾಚೆ ಬೆಂಚಿನ ಮೇಲಿದ್ದಾಳೆ, ಚಿಕ್ಕಮ್ಮ, ಹೋಗಿಬಿಟ್ಟ ಅಕ್ಕನ ಮುಖ ಅಚ್ಚಾಗೋ ಮುಂಚೆ ಒಂದ್ಸಲ ನೋಡ್ತೀನಿ ಕಣೇ ಎಂದು ಬೆಳಿಗ್ಗೆ ನನ್ನ ಜೊತೆ ಹೊರಟವಳು, ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿದೆ, ಮಾತು ಮುಗಿಸಿ ನೀರು ಕುಡಿಯುವಾಗ ಅತ್ತ ನೋಡಿದೆ, ಮೊಣಕಾಲ ಮೇಲೆ ತಾಳ ತಟ್ಟುತ್ತಿದ್ದಳು, ಕಿರುಬೆರಳು ಸೊಟ್ಟ, ಲೋಟ ಕೆಳಗಿಟ್ಟು ಮತ್ತೆ ಕವರು ನೋಡಿದೆ, ಅದೇ ಬೆರಳು.

ಹೇಗೆ ಗುರುತಾಗಲಿಲ್ಲ, ಪದ್ಯ ಕೇಳುವಾಗ ಕಣ್ಣು ಮುಚ್ಚಬೇಕು, ನಮ್ಮ ಮನೆಯ ಕಟ್ಟಳೆ, ಕಣ್ಣು ಬಿಟ್ಟವರಿಗೆ ಅರ್ಧವೇ ದಕ್ಕೋದು ಎನ್ನುತ್ತಿದ್ದಳು ದೊಡ್ಡಮ್ಮ, ನಾನು ಭಕ್ತಿಯಿಂದ ಬಿಗಿಯಾಗಿ ಮುಚ್ಚಿ ಕೂರುತ್ತಿದ್ದೆ, ಅವಳು ಸಾಲು ಎತ್ತುವಳು, ಚಿಕ್ಕಮ್ಮ ಕೆಳದನಿಯಲ್ಲಿ ಹಿಡಿಯುವಳು, ಉಸಿರು ತಪ್ಪುವ ಕಡೆ ಅಕ್ಕನ ಹೆಗಲು ಒತ್ತುವಳಂತೆ, ಉಸಿರು ಸರಿಹೋದ ಮೇಲೆ ಅದೇ ಕೈ ನನ್ನ ಬೆನ್ನಿಗೆ ಬರುವುದು, ಮೂರು ನಾಲ್ಕು, ಮೂರು ನಾಲ್ಕು, ಛಂದಸ್ಸನ್ನು ಹಾಗೇ ಬೆನ್ನೊಳಗೆ ಬಡಿದು ಇಳಿಸಿದಳು, ಬೆನ್ನಿಗೆ ಗೊತ್ತು ಆ ಕೈ, ಕಣ್ಣಿಗೆ ಗೊತ್ತಿಲ್ಲ, ಕಣ್ಣಿನಿಂದಲೇ ಹೊಟ್ಟೆ ಹೊರೆಯುವವಳಿಗೆ, ಥೂ — ರೆಕಾರ್ಡಿನ ತುಂಬ ಚಿಕ್ಕಮ್ಮನ ದನಿಯೂ ಇದೆ, ಕವರಿನಲ್ಲಿ ದೊಡ್ಡಮ್ಮನ ಹೆಸರು ಒಂದೇ, ಮಡಿಕೆಯಾಚೆ ಅವಳಿರಬೇಕಾದ ಕಡೆ ಬರೀ ಕಪ್ಪು, ಆ ಕಪ್ಪನ್ನು ನಾನು ಮೌನ ಎಂದು ಕರೆದೆ, ಈಗಲೂ ಹೊತ್ತು ಮೀರಿಲ್ಲ, ಇಬ್ಬರೂ ಇರುವ ಪೂರ್ತಿ ಫೋಟೋ ಹಾಕಿ ಅಂದರೆ ಹಾಕುತ್ತಾರೆ, ಆದರೆ ಕಣ್ಣೊರೆಸಿಕೊಂಡ ಮಾಲೀಕರ ಮುಂದೆ ಯಾವ ಮುಖ ಹೊತ್ತು, ನಾನಾಡಿದ್ದು ಬರೀ ಗಾಳಿ ಅಂತ ಹೇಗೆ, ಎದ್ದು ಹೊರಗೆ ಹೋದೆ, ಬೆಂಚಿನ ತುದಿಗೆ ಕೂತೆ, ಏನೇ ಪಂಡಿತೆ, ನನ್ನ ಕೈನ ದೇವರ ಕೈ ಮಾಡ್ಬಿಟ್ಟೆ, ಇನ್ನು ಮನೇಲಿ ಪಾತ್ರೆ ತೊಳೆಯೋರು ಯಾರು, ಎಂದಳು, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ತಪ್ಪಾಯ್ತು ಅನ್ನಬೇಕಿತ್ತು, ಬಾಯಿಗೆ ಬಂದದ್ದು ಬೇರೆ, ಚಿಕ್ಕಮ್ಮ ಒಳಗೆ ಬಾ, ಈ ಕೈ ನಂದು ಅಂತ ನೀನೇ ಹೇಳ್ಬಿಡು, ನೀನು ಹೇಳಿದ್ರೆ ನನಗೆ — ಮರ್ಯಾದೆ ಉಳಿಯುತ್ತೆ ಎಂಬುದನ್ನು ನುಂಗಿದೆ, ಅವಳು ಅದನ್ನೂ ಕೇಳಿಸಿಕೊಂಡಳು, ಉಸಿರು ತಪ್ಪುವ ಜಾಗ ಗೊತ್ತಿರುವವಳು, ಗಾಜಿನೊಳಗೆ ಡಿಸೈನರು ಕವರನ್ನು ಬೆಳಕಿಗೆ ಎತ್ತಿ ಹಿಡಿದಿದ್ದಾನೆ, ಹೆಗಲು, ಸೊಟ್ಟ ಬೆರಳು, ಮಡಿಕೆಯ ಗೆರೆ, ಆಮೇಲೆ ಕಪ್ಪು, ಹೆಗಲು, ಬೆರಳು, ಗೆರೆ — ಇಲ್ಲ ಕಣೇ, ಎಂದಳು ಚಿಕ್ಕಮ್ಮ, ನಾನು ಹೇಳಲ್ಲ, ಆಡಿದ ಬಾಯೇ ಹೇಳ್ಲಿ.